ಕೆಟ್ಟ ದಿನದಲ್ಲೂ ಕೈಕೊಡದ ಪೀಸ್: ಪಿಯಾನೊ ಸ್ಪರ್ಧೆಗೆ ಆಯ್ಕೆ ಮತ್ತು ಅಭ್ಯಾಸ

ಸ್ಪರ್ಧೆಗೆ ಹೆಸರು ಕೊಡೋಣ ಅಂದ ಕೂಡಲೇ ವಿದ್ಯಾರ್ಥಿಗಳೂ ಅವರ ಅಪ್ಪ ಅಮ್ಮಂದಿರೂ ಕೇಳುವ ಮೊದಲ ಪ್ರಶ್ನೆ, "ಯಾವ ಪೀಸ್ ನುಡಿಸಿದರೆ ಬಹುಮಾನ ಬರುತ್ತೆ?" ಅದಕ್ಕೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. "ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಕೈ ತಣ್ಣಗಾಗಿದೆ. ಎದುರಿಗಿರುವ ಪಿಯಾನೊ ಮುಟ್ಟಿಯೇ ಗೊತ್ತಿಲ್ಲ. ಮೂರು ಜನ ಪೆನ್ ಹಿಡಿದು ಕೂತಿದ್ದಾರೆ. ಆಗಲೂ ಚೆನ್ನಾಗಿ ನುಡಿಸಬಲ್ಲ ಪೀಸ್ ನಿನ್ನ ಹತ್ತಿರ ಯಾವುದಿದೆ?" ಉತ್ತರ ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆದರೆ ಸ್ಪರ್ಧೆಗೆ ಬೇಕಾದ್ದು ಅದೇ ಪೀಸ್. ಅದನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಗಟ್ಟಿ ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಯಮ, ಆಮೇಲೆ ಪೀಸ್

ನಿಯಮದ ಪುಟವನ್ನು ಪೆನ್ಸಿಲ್ ಹಿಡಿದು ಓದಿ. ಇದು ಬೇಜಾರಿನ ಕೆಲಸ, ಆದರೆ ಇಲ್ಲಿ ತಪ್ಪಿದರೆ ಮುಂದಿನ ನಾಲ್ಕು ತಿಂಗಳ ಕಷ್ಟ ನೀರಿಗೆ ಹೋದ ಹಾಗೆ. ಎಷ್ಟು ನಿಮಿಷ ನುಡಿಸಬೇಕು? ಪೀಸ್‌ಗಳ ನಡುವಿನ ಬಿಡುವೂ ಅದರಲ್ಲಿ ಸೇರುತ್ತದೆಯಾ? ಪುಸ್ತಕ ನೋಡದೆ ನುಡಿಸಬೇಕಾ? ರಿಪೀಟ್ ನುಡಿಸಬೇಕಾ, ಬಿಡಬೇಕಾ? ಬೇರೆ ಬೇರೆ ಕಾಲದ ಪೀಸ್ ಕೇಳಿದ್ದಾರಾ? ವಯಸ್ಸಿನ ಲೆಕ್ಕ ಯಾವ ದಿನಕ್ಕೆ? ಫಾರಂ ಕೊಟ್ಟ ಮೇಲೆ ಪೀಸ್ ಬದಲಾಯಿಸಬಹುದಾ? ತೀರ್ಪುಗಾರರಿಗೆ ಮೂಲ ಪುಸ್ತಕ ಕೊಡಬೇಕಾ, ಜೆರಾಕ್ಸ್ ನಡೆಯುತ್ತಾ? ಒಂದೊಂದಕ್ಕೂ ಉತ್ತರ ಬರೆದಿಟ್ಟುಕೊಳ್ಳಿ. ಸಿಗದಿದ್ದರೆ ಸಂಘಟಕರನ್ನೇ ಕೇಳಿ. ಅವರಿಗೆ ಇಂಥ ಪ್ರಶ್ನೆ ಹೊಸದಲ್ಲ.

ಕಾಲದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಇಂಟರ್‌ನೆಟ್‌ನಲ್ಲಿ ಯಾರೋ ದೊಡ್ಡ ಕಲಾವಿದರು ನುಡಿಸಿದ ಅವಧಿ ನೋಡಿ ಫಾರಂ ತುಂಬಬೇಡಿ. ನೀವೇ ನುಡಿಸಿ, ನಿಮ್ಮ ವೇಗದಲ್ಲಿ, ಗಡಿಯಾರ ಇಟ್ಟು ನೋಡಿ. ಮಿತಿ 8 ನಿಮಿಷ ಇದ್ದರೆ ನಿಮ್ಮದು 7 ನಿಮಿಷದ ಹತ್ತಿರ ಮುಗಿಯಲಿ. ಸಮಯ ಮೀರಿದರೆ ಕೆಲವು ಕಡೆ ಗಂಟೆ ಬಾರಿಸಿ ನಿಲ್ಲಿಸುತ್ತಾರೆ, ಕೆಲವು ಕಡೆ ಅಂಕ ಕಳೆಯುತ್ತಾರೆ.

ಇನ್ನೊಂದು ಸೂಕ್ಷ್ಮ. ಸೊನಾಟಾ ಅಂದರೆ ಹಲವು ಭಾಗಗಳಿರುವ ದೊಡ್ಡ ಪೀಸ್. "ಸೊನಾಟಾದ ವೇಗದ ಒಂದು ಭಾಗ" ಅಂತ ನಿಯಮ ಇದ್ದಾಗ ಬೇಥೋವನ್ನರ 'ಮೂನ್‌ಲೈಟ್' ಸೊನಾಟಾದ ಮೊದಲ ಭಾಗ ಬರೆದು ಕೊಡುವವರಿದ್ದಾರೆ. ಅದು ಅಡಾಜಿಯೊ, ನಿಧಾನದ ಭಾಗ. ಹೆಸರಲ್ಲಿ ಸೊನಾಟಾ ಇದ್ದ ಮಾತ್ರಕ್ಕೆ ಸಾಲದು.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಈಗ ನನ್ನದೇ ಒಂದು ಕಥೆ. ವಿದ್ಯಾರ್ಥಿಯಾಗಿದ್ದಾಗ ಒಂದು ಸ್ಪರ್ಧೆಗೆ ಬೇಥೋವನ್ನರ 'ಪತೆಟೀಕ್', ಅಂದರೆ ಓಪಸ್ (ಕೃತಿ ಸಂಖ್ಯೆ) 13ರ ಸೊನಾಟಾದ ಮೊದಲ ಭಾಗ ಆರಿಸಿಕೊಂಡೆ. ಶುರುವಿನ ಗಂಭೀರ ಭಾಗ ನನಗೆ ತುಂಬಾ ಇಷ್ಟ. ಅದು ಮುಗಿದು ವೇಗದ ಭಾಗ ಬಂದ ಕೂಡಲೇ ಎಡಗೈ ಆಕ್ಟೇವ್‌ಗಳನ್ನು (ಕೆಳಗಿನ ಸ, ಮೇಲಿನ ಸ ಇದ್ದ ಹಾಗೆ ಒಂದೇ ಸ್ವರದ ಜೋಡಿ) ನಡುಗಿಸುತ್ತಲೇ ಇರಬೇಕು. ಮನೆಯಲ್ಲಿ ಹೇಗೋ ಆಗುತ್ತಿತ್ತು. ವೇದಿಕೆಯ ಮೇಲೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮೊಣಕೈಯಿಂದ ಬೆರಳಿನವರೆಗೆ ಎಡಗೈ ಕಲ್ಲಾಯಿತು. ವೇಗ ಅರ್ಧಕ್ಕಿಳಿಯಿತು. ಪೀಸ್ ಬದಲಾಯಿಸಬೇಕು ಅಂತ ಒಂದು ತಿಂಗಳ ಹಿಂದೆಯೇ ಅನಿಸಿತ್ತು, ಆದರೆ ಫಾರಂ ಕೊಟ್ಟಾಗಿತ್ತು. ಅವತ್ತು ಪೀಸ್ ಕಷ್ಟದ್ದು ಅಂತ ಯಾರೂ ಅಂಕ ಜಾಸ್ತಿ ಕೊಡಲಿಲ್ಲ. ಕೇಳಿಸಿದ್ದು ನನ್ನ ಕೈಯ ಸೋಲು ಮಾತ್ರ.

ಅವತ್ತಿನಿಂದ ನಾನು ಬಿಡದೆ ಪಾಲಿಸುವ ಒಂದು ಪರೀಕ್ಷೆ ಇದೆ. ಪೀಸ್ ಇಷ್ಟವಾಯಿತಾ? ಅದರಲ್ಲಿ ಅತಿ ಕಷ್ಟದ ಮೂರು ಜಾಗ ಹುಡುಕಿ, ನಾಲ್ಕು ನಾಲ್ಕು ಬಾರ್ (ಪುಸ್ತಕದಲ್ಲಿ ಎರಡು ನೇರ ಗೆರೆಗಳ ನಡುವಿನ ತುಂಡು) ಸಾಕು. ಒಂದು ವಾರ ಬರೀ ಅಷ್ಟನ್ನೇ ಅಭ್ಯಾಸ ಮಾಡಿ. ವಾರದ ಕೊನೆಗೆ ಬೇಕಾದ ವೇಗದ ಮುಕ್ಕಾಲು ಪಾಲಿನಲ್ಲಿ, ಕೈ ಬಿಗಿಯಾಗದೆ ಬಂದರೆ ಆ ಪೀಸ್ ನಿಮ್ಮದು. ಎಷ್ಟು ತಿಕ್ಕಿದರೂ ಇದ್ದಲ್ಲೇ ಇದ್ದರೆ ಮುಂದಿನ ವರ್ಷಕ್ಕಿಡಿ. ಮೊದಲ ಪುಟ ಸುಲಭವಾಗಿ ಬಂತು ಅಂತ ನಂಬಬೇಡಿ. ಮೊದಲ ಪುಟ ಯಾವಾಗಲೂ ಸುಲಭವಾಗಿಯೇ ಬರುತ್ತದೆ.

ಕೈಯ ಅಳತೆಯನ್ನೂ ನೋಡಬೇಕು. ಪಿಯಾನೊದಲ್ಲಿ ಒಂದು ಆಕ್ಟೇವ್‌ನ ಅಗಲ ಸುಮಾರು 16.5 ಸೆಂಟಿಮೀಟರ್. ಅದನ್ನು ಬೆರಳಿನ ತುದಿಯಲ್ಲಿ ಎಟುಕಿಸಿ ಹಿಡಿಯುವ ಮಗುವಿಗೆ ಆಕ್ಟೇವ್ ತುಂಬಿದ ಪೀಸ್ ಕೊಟ್ಟರೆ ಕೈ ನೋಯುತ್ತದೆ, ಸ್ವರ ಒರಟಾಗುತ್ತದೆ. ರಾಖ್ಮನಿನಾಫರ ಸಿ ಶಾರ್ಪ್ ಮೈನರ್ ಪ್ರೆಲ್ಯೂಡ್ ಮಕ್ಕಳಿಗೆ ಬಹಳ ಇಷ್ಟ. ಅದರ ಕೊನೆಯ ಭಾಗದಲ್ಲಿ ಸ್ವರಗಳು ಎಷ್ಟು ದಟ್ಟ ಅಂದರೆ ನಾಲ್ಕು ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳ ಸಾಲು) ಹಾಕಿ ಬರೆದಿದ್ದಾರೆ. ಚಿಕ್ಕ ಕೈಗೆ ಅದು ಹೊರೆ. ಅದೇ ಮಗುವಿನ ಬೆರಳು ಚುರುಕಾಗಿದ್ದರೆ ಹೈಡನ್ ಅಥವಾ ಮೊಜಾರ್ಟ್ ಕೊಡಿ. ಅಲ್ಲಿ ಚಿಕ್ಕ ಕೈ ಯಾವ ಕೊರತೆಯೂ ಅಲ್ಲ.

ನೀವು ದಿನಾ ಅಭ್ಯಾಸ ಮಾಡುವ ವಾದ್ಯದ ವಿಚಾರವೂ ಇದೆ. ಗ್ರ್ಯಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಸಾಮಾನ್ಯ ಅಪ್‌ರೈಟ್‌ನಲ್ಲಿ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರಬೇಕು. ಅದಕ್ಕೇ ಒಂದೇ ಸ್ವರವನ್ನು ಪಟಪಟ ಬಡಿಯುವ ಪೀಸ್‌ಗಳು ಅಪ್‌ರೈಟ್‌ನಲ್ಲಿ ಸತಾಯಿಸುತ್ತವೆ. ಎಡ ಪೆಡಲ್ ಕೂಡ ಹಾಗೆಯೇ. ಗ್ರ್ಯಾಂಡ್‌ನಲ್ಲಿ ಅದು ಕೀಬೋರ್ಡನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿ ಸ್ವರದ ಬಣ್ಣ ಬದಲಾಯಿಸುತ್ತದೆ. ಅಪ್‌ರೈಟ್‌ನಲ್ಲಿ ಸುತ್ತಿಗೆಗಳನ್ನು ತಂತಿಯ ಹತ್ತಿರ ತರುತ್ತದೆ, ಅಷ್ಟೇ. ಮನೆಯಲ್ಲಿ ಡಿಜಿಟಲ್ ಪಿಯಾನೊ ಮಾತ್ರ ಇದ್ದರೆ ಪೆಡಲ್ ಮೇಲೆಯೇ ನಿಂತಿರುವ ಪೀಸ್ ಆರಿಸುವ ಮೊದಲು ಎರಡು ಸಲ ಯೋಚಿಸಿ.

ಯಾವ ಪೀಸ್‌ಗಳನ್ನು ನೋಡಬಹುದು

ಎರಡು ಮೂರು ಪೀಸ್ ನುಡಿಸಬೇಕಾದಾಗ ಒಂದಕ್ಕೊಂದು ಬೇರೆಯಾಗಿ ಕೇಳಿಸಬೇಕು. ಕಾಲ ಬೇರೆ ಆದರೆ ಸಾಲದು. ವೇಗ, ಭಾವ, ಸ್ಕೇಲ್, ಕೈಗೆ ಬೇಕಾದ ಗುಣ ಎಲ್ಲವೂ ಬದಲಾಗಲಿ. ಎರಡು ವೇಗದ ಪೀಸ್‌ಗಳನ್ನು ಅಕ್ಕಪಕ್ಕ ಇಟ್ಟರೆ ಎರಡನೆಯದು ಮೊದಲಿನದರ ಮುಂದುವರಿಕೆ ಅನಿಸುತ್ತದೆ. ತೀರ್ಪುಗಾರರು ಬೆಳಿಗ್ಗೆಯಿಂದ ಕೇಳುತ್ತಾ ಕೂತಿರುತ್ತಾರೆ. ನಿಮ್ಮ ಏಳು ನಿಮಿಷದಲ್ಲಿ ಅವರಿಗೆ ನಿಮ್ಮ ಎರಡು ಮೂರು ಮುಖ ಕಾಣಬೇಕು.

ಎರಡು ಮೂರು ವರ್ಷ ಕಲಿತ ಮಕ್ಕಳಿಗೆ ಕ್ಲೆಮೆಂಟಿಯ ಓಪಸ್ 36ರ ಸೊನಾಟಿನಾಗಳು ಒಳ್ಳೆಯ ನೆಲ. 1797ರಲ್ಲಿ ಅಚ್ಚಾದ ಈ ಆರು ಸೊನಾಟಿನಾಗಳಲ್ಲಿ ಸ್ಕೇಲ್, ಸ್ಟಕಾಟೊ, ಜೋರು ಮೆಲ್ಲಗೆ ಎಲ್ಲವೂ ಚಿಕ್ಕ ಅಳತೆಯಲ್ಲಿ ಸಿಗುತ್ತವೆ. ಜೊತೆಗೆ ಶೂಮನ್ 1848ರಲ್ಲಿ ಬರೆದ ಓಪಸ್ 68, ಚೈಕೋವ್‌ಸ್ಕಿ 1878ರಲ್ಲಿ ಬರೆದ ಓಪಸ್ 39 ನೋಡಿ. ಎರಡೂ ಮಕ್ಕಳಿಗೆಂದೇ ಬರೆದ ಆಲ್ಬಮ್‌ಗಳು. ಶೂಮನ್ನರ ಆಲ್ಬಮ್‌ನಲ್ಲಿ ಕುದುರೆ ಸವಾರನ ಬಗ್ಗೆ ಒಂದು ಪುಟ್ಟ ಪೀಸ್ ಇದೆ. ಬಲಗೈಯಲ್ಲಿ ಕುಣಿಯುವ ರಾಗ ನಡುವೆ ಎಡಗೈಗೆ ಹೋಗುತ್ತದೆ. ಎಡಗೈ ಹಿಂದೆ ಬಿದ್ದಿದೆಯಾ ಅನ್ನುವುದು ಅಲ್ಲಿ ಮುಚ್ಚಿಡಲಾಗದ ಹಾಗೆ ಗೊತ್ತಾಗುತ್ತದೆ. ಕಬಲೆವ್‌ಸ್ಕಿಯ ಓಪಸ್ 27, ಬಾರ್ಟೋಕ್‌ರ 'ಮೈಕ್ರೊಕಾಸ್ಮಾಸ್' 20ನೇ ಶತಮಾನದ ಕಡೆಯಿಂದ ಒಳ್ಳೆಯ ಆಯ್ಕೆಗಳು.

ಇಲ್ಲೇ ಒಂದು ಮಾತು. ಜಿ ಮೇಜರ್‌ನ ಆ ಪ್ರಸಿದ್ಧ ಮಿನುಯೆಟ್ ಎಷ್ಟೋ ಪುಸ್ತಕಗಳಲ್ಲಿ ಬಾಖ್ ಹೆಸರಿನಲ್ಲಿದೆ. ಅದು ಕ್ರಿಶ್ಚಿಯನ್ ಪೆಟ್ಜೋಲ್ಡ್ ಬರೆದದ್ದು ಅಂತ 1970ರ ದಶಕದಲ್ಲೇ ಗೊತ್ತಾಗಿದೆ. ಫಾರಂನಲ್ಲಿ ಹೆಸರು ಸರಿಯಾಗಿ ಬರೆಯಿರಿ.

ಸ್ವಲ್ಪ ಮೇಲಿನ ಹಂತಕ್ಕೆ ಬಾಖ್‌ರ ಎರಡು ದನಿಯ 15 ಇನ್ವೆನ್ಷನ್‌ಗಳು. 1723ರ ಹಸ್ತಪ್ರತಿಯ ಮೊದಲ ಪುಟದಲ್ಲಿ ಬಾಖ್ ಇವುಗಳ ಉದ್ದೇಶವನ್ನೇ ಬರೆದಿದ್ದಾರೆ: ಎರಡು ದನಿಗಳನ್ನು ಸ್ಪಷ್ಟವಾಗಿ ನುಡಿಸಲು ಕಲಿಯಬೇಕು, ಅದಕ್ಕಿಂತ ಮುಖ್ಯವಾಗಿ ಹಾಡುವ ಹಾಗೆ ನುಡಿಸಲು ಬರಬೇಕು. ತೀರ್ಪುಗಾರರು ಕೇಳುವುದೂ ಇವೆರಡನ್ನೇ. ಇದರ ಜೊತೆಗೆ ಹೈಡನ್ ಅಥವಾ ಮೊಜಾರ್ಟ್‌ರ ಸೊನಾಟಾದ ಒಂದು ಭಾಗ, ಗ್ರೀಗ್‌ರ 'ಲಿರಿಕ್ ಪೀಸಸ್'ನಿಂದ ಒಂದು, ಅಥವಾ ಬಾರ್ಟೋಕ್ 1915ರಲ್ಲಿ ಬರೆದ ರುಮೇನಿಯಾದ ಜಾನಪದ ಕುಣಿತಗಳಿಂದ ಎರಡು ಮೂರು. ಗ್ರೀಗ್‌ರ ಆ 66 ಪೀಸ್‌ಗಳಲ್ಲಿ ಸ್ಪರ್ಧೆಗಳಲ್ಲಿ ಕೇಳಿಸುವುದು ಬೆರಳೆಣಿಕೆಯಷ್ಟು ಮಾತ್ರ. ಉಳಿದವನ್ನು ಒಂದು ಸಂಜೆ ಕೂತು ಓದಿ ನೋಡಿ. ಖಂಡಿತ ಏನಾದರೂ ಸಿಗುತ್ತದೆ.

ಇನ್ನೂ ಮುಂದುವರಿದವರಿಗೆ ಬಾಖ್‌ರ 'ವೆಲ್ ಟೆಂಪರ್ಡ್ ಕ್ಲೇವಿಯರ್'ನ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್, ಬೇಥೋವನ್ನರ ಒಂದು ಸೊನಾಟಾ ಭಾಗ, ಶೂಬರ್ಟ್ ಅಥವಾ ಶೊಪಾನ್, ಕೊನೆಗೆ ಡೆಬ್ಯುಸಿ ಅಥವಾ ಪ್ರೊಕೊಫಿಯೆವ್. ಶೊಪಾನ್ ಅಂದರೆ ಎಲ್ಲರ ಕೈ 'ಫ್ಯಾಂಟಸಿ ಇಂಪ್ರಾಂಪ್ಟು' ಕಡೆಗೇ ಹೋಗುತ್ತದೆ. ಬಲಗೈ ನಾಲ್ಕಕ್ಕೆ ಎಡಗೈ ಮೂರು ಅನ್ನುವ ಆ ಲೆಕ್ಕ ಸರಾಗವಾಗಿ ಬಂದರೆ ಸರಿ. ಬರದಿದ್ದರೆ ಒಂದೇ ದಿನ ಐದು ಜನ ಅದನ್ನೇ ನುಡಿಸಿದಾಗ ನಿಮ್ಮ ಕೊರತೆ ಎದ್ದು ಕಾಣುತ್ತದೆ. ನಾನಾದರೆ ಶೂಬರ್ಟ್‌ರ ಓಪಸ್ 90ರ ಎರಡನೇ ಇಂಪ್ರಾಂಪ್ಟು ಕೊಡುತ್ತೇನೆ. ಬಲಗೈ ನಿಲ್ಲದೆ ಹರಿಯುತ್ತದೆ, ನಡುವೆ ಬಿರುಸಿನ ಭಾಗ ಬರುತ್ತದೆ. ಇ ಫ್ಲ್ಯಾಟ್ ಮೇಜರ್‌ನಲ್ಲಿ ಶುರುವಾದದ್ದು ಇ ಫ್ಲ್ಯಾಟ್ ಮೈನರ್‌ನಲ್ಲಿ ಮುಗಿಯುತ್ತದೆ. ಆ ಕೊನೆ ಕೇಳಿದವರು ಮರೆಯುವುದಿಲ್ಲ.

ಹೈಡನ್ನರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ವಿದ್ಯಾರ್ಥಿಗಳು ಅವರನ್ನು ತಾತ್ಸಾರ ಮಾಡುತ್ತಾರೆ. ಅವರ ಸೊನಾಟಾಗಳಲ್ಲಿ ಥಟ್ಟನೆ ನಿಲ್ಲುವ ಮೌನ, ನಿರೀಕ್ಷೆ ತಪ್ಪಿಸುವ ತಿರುವು ತುಂಬಿವೆ. ಇ ಮೈನರ್ ಸೊನಾಟಾ, ಹೈಡನ್ ಕೃತಿಗಳ ಹೋಬೋಕನ್ ಪಟ್ಟಿಯಲ್ಲಿ ಸೊನಾಟಾಗಳ ಪೈಕಿ 34ನೇದು, ಒಮ್ಮೆ ಕೇಳಿ ನೋಡಿ. ಕೈಗೆ ಅತಿಯಾದ ಭಾರ ಇಲ್ಲ, ತಲೆಗೂ ಕಿವಿಗೂ ಬೇಕಾದಷ್ಟು ಕೆಲಸ ಇದೆ.

ಕೊನೆಯದಾಗಿ, ಪೀಸ್ ನಿಮಗೆ ಇಷ್ಟ ಆಗಲೇಬೇಕು. ನಾಲ್ಕೈದು ತಿಂಗಳು ಅದರ ಜೊತೆ ದಿನಾ ಬದುಕಬೇಕಲ್ವಾ? ಟೀಚರ್ ಮೂರು ಪೀಸ್ ಸೂಚಿಸಿದರೆ ಮೂರನ್ನೂ ಒಂದು ವಾರ ಓದಿ, ಯಾವುದು ಬೇಕು ಅಂತ ಧೈರ್ಯವಾಗಿ ಹೇಳಿ.

ಯಾವ ಪುಸ್ತಕ

ಉರ್‌ಟೆಕ್ಸ್ಟ್ ಪುಸ್ತಕ ತೆಗೆದುಕೊಳ್ಳಿ. ಸಂಗೀತಗಾರ ಬರೆದದ್ದನ್ನು ಮಾತ್ರ ಅಚ್ಚು ಹಾಕಿ, ಸಂಪಾದಕರು ತಮ್ಮ ಸ್ಲರ್ (ಸ್ವರಗಳನ್ನು ಜೋಡಿಸಿ ನುಡಿಸಲು ಹೇಳುವ ಕಮಾನು ಗೆರೆ), ಪೆಡಲ್ ಗುರುತು ಸೇರಿಸದ ಆವೃತ್ತಿ ಅದು. ಹೆನ್ಲೆ, ಬೇರೆನ್‌ರೈಟರ್, ವೀನರ್ ಉರ್‌ಟೆಕ್ಸ್ಟ್ ಇದಕ್ಕೆ ಹೆಸರಾದವು. ಹಳೆಯ ಆವೃತ್ತಿಗಳಲ್ಲಿ ಬಾಖ್‌ಗೆ ಉದ್ದುದ್ದ ಸ್ಲರ್, ಕ್ರೆಶೆಂಡೊ (ದನಿ ಜೋರು ಮಾಡುತ್ತಾ ಹೋಗುವ ಗುರುತು) ಎಲ್ಲಾ ಸೇರಿರುತ್ತವೆ. ಅದು ಬಾಖ್ ಬರೆದದ್ದು ಅಂತ ನಂಬಿ ನುಡಿಸಿದರೆ ತೀರ್ಪುಗಾರರಿಗೆ ತಕ್ಷಣ ಗೊತ್ತಾಗುತ್ತದೆ.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಸ್ಪರ್ಧೆಯ ದಿನಾಂಕ ಬರೆದು ಅಲ್ಲಿಂದ ಹಿಂದಕ್ಕೆ ಬನ್ನಿ. 16 ವಾರ ಇದ್ದರೆ ಒಳ್ಳೆಯದು. ಕೊನೆಯ 4 ವಾರ ಹೊಸದೇನೂ ಕಲಿಯುವುದಿಲ್ಲ, ಬರೀ ಜನರ ಮುಂದೆ ನುಡಿಸುವುದು. ಅಂದರೆ 12ನೇ ವಾರದ ಕೊನೆಗೆ ಪೀಸ್ ಬಾಯಿಪಾಠ ಆಗಿರಬೇಕು, ವೇಗಕ್ಕೆ ಬಂದಿರಬೇಕು. ಸ್ವರಗಳನ್ನು ಕಲಿಯಲು ಮೊದಲ 4 ವಾರ ಸಾಕು. ಅಷ್ಟರಲ್ಲಿ ನಿಧಾನವಾಗಿಯಾದರೂ ಎರಡೂ ಕೈ ಸೇರಿಸಿ ಕೊನೆಯವರೆಗೆ ಹೋಗಲಾಗದಿದ್ದರೆ ಪೀಸ್ ದೊಡ್ಡದಾಯಿತು ಅಂತ ಅರ್ಥ. ಫಾರಂ ಕೊಡುವ ಮೊದಲೇ ಇದು ಗೊತ್ತಾಗಲಿ.

ಅಭ್ಯಾಸ: ಎಂಟು ಬಾರ್‌ಗಳನ್ನು ಹತ್ತಿರದಿಂದ

ಸಾಮಾನ್ಯ ಸಲಹೆಗಳಿಗಿಂತ ಒಂದು ಉದಾಹರಣೆ ಹಿಡಿದು ನೋಡೋಣ. ಮೊಜಾರ್ಟ್‌ರ ಸಿ ಮೇಜರ್ ಸೊನಾಟಾ, ಕೆ. 545 (ಕೆ. ಅಂದರೆ ಅವರ ಕೃತಿಗಳ ಪಟ್ಟಿಯ ನಂಬರ್). 1788ರ ಜೂನ್‌ನಲ್ಲಿ ಮುಗಿಸಿ, ಹೊಸಬರಿಗಾಗಿ ಅಂತ ತಮ್ಮ ಪಟ್ಟಿಯಲ್ಲಿ ಬರೆದುಕೊಂಡ ಸೊನಾಟಾ ಇದು. ಎಲ್ಲರಿಗೂ ಗೊತ್ತು, ಎಲ್ಲರೂ ಕಲಿಯುತ್ತಾರೆ. ಚೆನ್ನಾಗಿ ನುಡಿಸುವವರು ಕಡಿಮೆ.

ಮೊದಲ ನಾಲ್ಕು ಬಾರ್. ಎಡಗೈ ಶುರು ಮಾಡುವುದು ಸಿ, ಜಿ, ಇ, ಜಿ ಅಂತ. ಕಿರುಬೆರಳು, ಹೆಬ್ಬೆರಳು, ನಡುಬೆರಳು, ಮತ್ತೆ ಹೆಬ್ಬೆರಳು. ಮೊದಲ ಬಾರ್ ಒಂದರಲ್ಲೇ ಹೆಬ್ಬೆರಳು ಜಿ ಸ್ವರವನ್ನು ನಾಲ್ಕು ಸಲ ಮುಟ್ಟುತ್ತದೆ. ಹೆಬ್ಬೆರಳು ಭಾರದ ಬೆರಳು. ಬಿಟ್ಟರೆ ನಾಲ್ಕು ಸಲವೂ ಗುದ್ದುತ್ತದೆ. ಬಲಗೈಯ ರಾಗ ಎಷ್ಟೇ ಚೆನ್ನಾಗಿದ್ದರೂ ಕೇಳುವವರ ಕಿವಿಗೆ ಬೀಳುವುದು ಆ ಟಕ್ ಟಕ್ ಮಾತ್ರ. ಏನು ಮಾಡಬೇಕು? ಮೊದಲು ಮೂರು ಸ್ವರಗಳನ್ನು ಒಟ್ಟಿಗೆ ಕಾರ್ಡ್ ಆಗಿ ಹಿಡಿದು ಬಾರ್‌ನಿಂದ ಬಾರ್‌ಗೆ ಹೋಗಿ. ಆಮೇಲೆ ಬಿಡಿಸಿ ನುಡಿಸುವಾಗ ಹೆಬ್ಬೆರಳನ್ನು ಕೀ ಮೇಲಿಂದ ಎತ್ತಲೇಬೇಡಿ, ಅಲ್ಲೇ ಒರಗಿಸಿಡಿ. ನಂತರ ಬಲಗೈ ಜೋರಾಗಿ ನುಡಿಸಲಿ, ಎಡಗೈ ಸ್ವರ ಬರದ ಹಾಗೆ ಕೀಗಳನ್ನು ಸುಮ್ನೆ ಸವರಲಿ. ಎರಡು ದಿನ ಹೀಗೆ ಮಾಡಿ ಮತ್ತೆ ಸರಿಯಾಗಿ ನುಡಿಸಿ ನೋಡಿ. ರಾಗ ಮೇಲೆ ತೇಲುತ್ತದೆ.

ಐದನೇ ಬಾರ್‌ನಿಂದ ಬಲಗೈಯಲ್ಲಿ ಸೆಮಿಕ್ವೇವರ್‌ಗಳ, ಅಂದರೆ ಒಂದು ಎಣಿಕೆಗೆ ನಾಲ್ಕು ಬರುವ ಸ್ವರಗಳ ಓಟ. ಒಂದು ಬಾರ್ ಎ ಸ್ವರದಿಂದ, ಮುಂದಿನದು ಜಿ, ಆಮೇಲೆ ಎಫ್, ಆಮೇಲೆ ಇ. ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾ ಹತ್ತಿ ಇಳಿಯುವ ಸ್ಕೇಲ್‌ಗಳು. ಇಲ್ಲಿ ಎರಡು ತೊಂದರೆ. ಹತ್ತುವಾಗ ಹೆಬ್ಬೆರಳು ಕೆಳಗೆ ನುಸುಳುವ ಜಾಗದಲ್ಲಿ ಒಂದು ಸ್ವರ ಉಬ್ಬುತ್ತದೆ. ಇಳಿಯುವಾಗ ಗೊತ್ತಿಲ್ಲದೆ ವೇಗ ಹೆಚ್ಚುತ್ತದೆ. ಮೊದಲನೆಯದಕ್ಕೆ, ಬರೀ ದಾಟುವ ಆ ಮೂರು ಸ್ವರಗಳನ್ನು ಹಿಂದಕ್ಕೆ ಮುಂದಕ್ಕೆ ಹತ್ತು ಸಲ ನುಡಿಸಿ, ಮೊಣಕೈ ಕೈಯ ಜೊತೆಗೇ ಸಾಗಲಿ. ಎರಡನೆಯದಕ್ಕೆ ಎಡಗೈಯನ್ನು ಯಜಮಾನ ಮಾಡಿ. ಬಲಗೈ ಎಡಗೈಗೆ ಕಾಯಬೇಕು. ಎಡಗೈ ಬಲಗೈಯ ಹಿಂದೆ ಓಡಬಾರದು.

ಫಿಂಗರಿಂಗ್, ಅಂದರೆ ಯಾವ ಸ್ವರಕ್ಕೆ ಯಾವ ಬೆರಳು ಅನ್ನುವುದನ್ನು, ಮೊದಲ ವಾರವೇ ಪೆನ್ಸಿಲ್‌ನಲ್ಲಿ ಬರೆದು ಗಟ್ಟಿ ಮಾಡಿ. ದಿನಕ್ಕೊಂದು ಬೆರಳಲ್ಲಿ ನುಡಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ. ವೇದಿಕೆಯಲ್ಲಿ ಗಾಬರಿಯಾದಾಗ ಎರಡು ಅಭ್ಯಾಸಗಳು ಜಗಳಕ್ಕೆ ಬೀಳುತ್ತವೆ.

ತಾಳ ಬಡಿಯುವ ಯಂತ್ರ ಮೆಟ್ರೊನೋಮ್ ಬಗ್ಗೆ. ನಿಧಾನವೇ ಪ್ರಧಾನ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಕ್ರಾಚೆಟ್‌ಗೆ (ಒಂದು ಎಣಿಕೆಯ ಸ್ವರ) 60ರಿಂದ, ಅಂದರೆ ನಿಮಿಷಕ್ಕೆ 60 ಎಣಿಕೆಯಿಂದ ಶುರು ಮಾಡಿ, ನಾಲ್ಕು ನಾಲ್ಕು ಏರಿಸಿ. ಆದರೆ ಏರುತ್ತಲೇ ಹೋಗಬೇಡಿ. ಮೂರು ಸಲ ಏರಿಸಿದ ಮೇಲೆ ಒಂದು ಸಲ ಕೆಳಗಿಳಿಸಿ. ಪ್ರತಿ ದಿನದ ಅಭ್ಯಾಸ ನಿಧಾನದಲ್ಲೇ ಮುಗಿಯಲಿ. ಕೈಗೆ ಕೊನೆಗೆ ಉಳಿಯುವ ನೆನಪು ಶಾಂತವಾದದ್ದಾಗಿರಬೇಕು. ಮೆಟ್ರೊನೋಮ್ ಇಟ್ಟುಕೊಂಡೇ ಇಡೀ ಪೀಸ್ ನುಡಿಸುವುದು ವಾರಕ್ಕೆ ಒಂದೆರಡು ಸಲ ಸಾಕು. ಇಲ್ಲದಿದ್ದರೆ ಸಂಗೀತ ಉಸಿರಾಡುವುದನ್ನೇ ಮರೆಯುತ್ತದೆ.

ಪೀಸನ್ನು ಯಾವಾಗಲೂ ಮೊದಲಿನಿಂದ ನುಡಿಸುವುದು ಅತಿ ದೊಡ್ಡ ತಪ್ಪು. ಮೊದಲ ಪುಟ ನೂರು ಸಲ ಆಗಿರುತ್ತದೆ, ಕೊನೆಯ ಪುಟ ಇಪ್ಪತ್ತು ಸಲ. ವೇದಿಕೆಯಲ್ಲಿ ಮುಂದೆ ಹೋದಂತೆ ನೆಲ ಕುಸಿಯುತ್ತದೆ. ಕೊನೆಯ ಎಂಟು ಬಾರ್‌ನಿಂದ ಶುರು ಮಾಡಿ, ಆಮೇಲೆ ಅದರ ಹಿಂದಿನ ಎಂಟು, ಹೀಗೆ ಹಿಂದೆ ಹಿಂದೆ ಬನ್ನಿ. ಆಗ ಮುಂದೆ ಹೋದಷ್ಟೂ ಗೊತ್ತಿರುವ ಊರಿಗೆ ಹೋದ ಹಾಗಿರುತ್ತದೆ.

ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಅದೇ ದಿನ ಬೇಡ. ಮಾರನೇ ದಿನ ಕೇಳಿದರೆ ಬೇರೆ ಯಾರೋ ನುಡಿಸಿದ ಹಾಗೆ ಕೇಳಿಸುತ್ತದೆ, ತಪ್ಪುಗಳು ತಾವಾಗಿಯೇ ಕೈ ಎತ್ತುತ್ತವೆ.

ಬಾಯಿಪಾಠ ಮಾಡುವುದು

ಬರೀ ಬೆರಳಿನ ನೆನಪು ನಂಬಿದರೆ ಕೆಟ್ಟೆವು. ಅದು ಮನೆಯಲ್ಲಿ ಸರಾಗ, ವೇದಿಕೆಯಲ್ಲಿ ಮೊದಲು ಓಡಿಹೋಗುವುದೂ ಅದೇ. ಕಿವಿಗೆ ಗೊತ್ತಿರಬೇಕು, ಕಣ್ಣಿಗೆ ಗೊತ್ತಿರಬೇಕು, ಎಲ್ಲಕ್ಕಿಂತ ಜಾಸ್ತಿ ತಲೆಗೆ ಗೊತ್ತಿರಬೇಕು.

ಮತ್ತೆ ಅದೇ ಕೆ. 545ಕ್ಕೆ ಬರೋಣ. ಸಾಮಾನ್ಯವಾಗಿ ಸೊನಾಟಾದಲ್ಲಿ ಮೊದಲ ರಾಗ ತಿರುಗಿ ಬರುವಾಗ ಶುರುವಿನ ಸ್ಕೇಲ್‌ನಲ್ಲೇ ಬರುತ್ತದೆ. ಇಲ್ಲಿ ಮೊಜಾರ್ಟ್ ಅದನ್ನು ಸಿ ಮೇಜರ್ ಬದಲು ಎಫ್ ಮೇಜರ್‌ನಲ್ಲಿ ತರುತ್ತಾರೆ. ಬೆರಳಿನ ನೆನಪಲ್ಲೇ ಓಡುತ್ತಿರುವ ಮಗು ಈ ಕವಲು ದಾರಿಯಲ್ಲಿ ಹಳೆಯ ದಾರಿ ಹಿಡಿದು ಮತ್ತೆ ಮೊದಲ ಪುಟಕ್ಕೆ ಹೋಗಿಬಿಡುತ್ತದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮದ್ದು ಒಂದೇ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿಯವರೆಗೆ ಒಂದೇ, ಎಲ್ಲಿಂದ ಬೇರೆ ಅಂತ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೊದಲ ಸಲದ ತಿರುವು, ಎರಡನೇ ಸಲದ ತಿರುವು, ಎರಡನ್ನೂ ಒಂದಾದ ಮೇಲೊಂದು ನುಡಿಸಿ. ಬಾಯಲ್ಲಿ ಹೇಳಿ: "ಈಗ ಸಿ, ಜಿ ಕಡೆಗೆ. ಈಗ ಎಫ್, ಸಿ ಕಡೆಗೆ." ನಿಮ್ಮ ಪೀಸ್ ಯಾವುದೇ ಇರಲಿ, ಇಂಥ ಕವಲು ಎರಡು ಮೂರಾದರೂ ಇರುತ್ತವೆ. ಹುಡುಕಿ.

ಎಡಗೈಯನ್ನು ಮಾತ್ರ ಪುಸ್ತಕ ನೋಡದೆ ನುಡಿಸಿ. ಬಹಳ ಜನಕ್ಕೆ ಆಗುವುದಿಲ್ಲ. ಆಗದಿದ್ದರೆ ಪೀಸ್ ಇನ್ನೂ ಬಾಯಿಪಾಠ ಆಗಿಲ್ಲ. ಬಾಖ್‌ರ ಇನ್ವೆನ್ಷನ್ ಆದರೆ ಒಂದು ದನಿ ನುಡಿಸಿ, ಇನ್ನೊಂದನ್ನು ಹಾಡಿ. ಸಿ ಮೇಜರ್‌ನ ಮೊದಲ ಇನ್ವೆನ್ಷನ್ ಬರೀ 22 ಬಾರ್, ಆದರೂ ಹೀಗೆ ಹಾಡುತ್ತಾ ನುಡಿಸಲು ಒಂದು ವಾರ ಹಿಡಿಯುತ್ತದೆ. ಆ ವಾರ ದಂಡವಲ್ಲ.

ಆಮೇಲೆ ಪೀಸ್‌ನಲ್ಲಿ ಎಂಟು ಹತ್ತು ಜಾಗ ಗುರುತಿಸಿ ನಂಬರ್ ಹಾಕಿ. ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಮಡಿಸಿಡಿ. ಚೀಟಿ ಎತ್ತಿ, 6 ಬಂದರೆ ಆರನೇ ಜಾಗದಿಂದ ತಕ್ಷಣ ಶುರು. ವೇದಿಕೆಯಲ್ಲಿ ದಾರಿ ತಪ್ಪಿದರೆ ಹತ್ತಿರದ ನಂಬರ್‌ಗೆ ಹಾರಿ ಮುಂದೆ ಹೋಗಬಹುದು. ಈ ಮೆಟ್ಟಿಲುಗಳಿವೆ ಅನ್ನುವ ನಂಬಿಕೆ ಇದ್ದರೆ ಅರ್ಧ ಭಯ ಹೋಗುತ್ತದೆ.

ಕೊನೆಯ ನಾಲ್ಕು ವಾರ

ನುಡಿಸುವುದು ಬೇರೆ, ಜನರ ಮುಂದೆ ನುಡಿಸುವುದು ಬೇರೆ. ಎರಡನೆಯದಕ್ಕೂ ಅಭ್ಯಾಸ ಬೇಕು. ದಿನಕ್ಕೊಮ್ಮೆ ಕೈ ಬಿಸಿ ಮಾಡದೆ, ಬಂದು ಕೂತು, ಶುರುವಿನಿಂದ ಕೊನೆಯವರೆಗೆ ಒಂದೇ ಸಲ ನುಡಿಸಿ. ತಪ್ಪಿದರೂ ನಿಲ್ಲಬಾರದು, ಹಿಂದೆ ಹೋಗಿ ಸರಿ ಮಾಡಬಾರದು. ತಪ್ಪಿದ ಜಾಗವನ್ನು ಆಮೇಲೆ ತೆಗೆದು ರಿಪೇರಿ ಮಾಡಿ. ನಿಲ್ಲದೆ ಮುಂದೆ ಹೋಗುವುದೂ ಕಲಿಯಬೇಕಾದ ವಿದ್ಯೆಯೇ. ಒಂದು ಸ್ವರ ತಪ್ಪಿದ್ದನ್ನು ತೀರ್ಪುಗಾರರು ಮರೆತಾರು, ನಿಂತು ಮತ್ತೆ ಶುರು ಮಾಡಿದ್ದನ್ನು ಮರೆಯುವುದು ಕಷ್ಟ.

ಕನಿಷ್ಠ ಐದು ಸಲ ಬೇರೆ ಬೇರೆಯವರ ಮುಂದೆ ನುಡಿಸಿ. ಮನೆಯವರು, ಗೆಳೆಯರು, ಟೀಚರ್‌ನ ಬೇರೆ ವಿದ್ಯಾರ್ಥಿಗಳು, ಯಾರಾದರೂ ಸರಿ. ಸಾಧ್ಯವಾದರೆ ಬೇರೆ ಬೇರೆ ಪಿಯಾನೊ ಮೇಲೆ. ಸ್ಪರ್ಧೆಯ ದಿನ ಹಾಕುವ ಶೂ ಹಾಕಿಯೇ ಪೆಡಲ್ ಒತ್ತಿ ನೋಡಿ. ದಪ್ಪ ಅಟ್ಟೆಯ ಶೂನಲ್ಲಿ ಪೆಡಲ್ ಗೊತ್ತೇ ಆಗುವುದಿಲ್ಲ. ತೋಳು ಬಿಗಿಯುವ ಬಟ್ಟೆ ಬೇಡ. ಇವೆಲ್ಲ ಸಣ್ಣ ವಿಷಯ ಅನಿಸುತ್ತೆ, ಆದರೆ ಅವತ್ತು ಸಣ್ಣದು ಯಾವುದೂ ಇರುವುದಿಲ್ಲ.

ಕೊನೆಯ ವಾರ ಫಿಂಗರಿಂಗ್ ಬದಲಾಯಿಸಬೇಡಿ. ಹೊಸ ರೆಕಾರ್ಡಿಂಗ್ ಕೇಳಿ ವೇಗ ಹೆಚ್ಚಿಸಬೇಡಿ. ಅರ್ಧ ವೇಗದಲ್ಲಿ, ಪುಸ್ತಕ ನೋಡುತ್ತಾ, ಪ್ರತಿ ಗುರುತನ್ನೂ ಓದುತ್ತಾ ನುಡಿಸಿ. ಮೂರು ತಿಂಗಳಿಂದ ಕಣ್ಣು ತಪ್ಪಿಸಿದ ಒಂದು ಪಿಯಾನಿಸಿಮೊ (ಅತಿ ಮೆಲ್ಲಗೆ ಅನ್ನುವ ಗುರುತು) ಅಲ್ಲೇ ಎಲ್ಲೋ ಕೂತಿರುತ್ತದೆ.

ಆ ದಿನ

ಕೈ ಬೆಚ್ಚಗಿಡಿ. ಹೆಸರು ಕರೆಯುವ ಮೊದಲು ವೇಗದ ಭಾಗಗಳನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸಬೇಡಿ. ಮೊದಲ ಎರಡು ಸಾಲು ಕೇಳಿಸಿಕೊಂಡರೆ ಸಾಕು.

ವೇದಿಕೆಗೆ ಹೋದ ಮೇಲೆ ಆತುರ ಬೇಡ. ಸ್ಟೂಲ್ ಎತ್ತರ ಸರಿ ಮಾಡಿಕೊಳ್ಳಿ, ಎಷ್ಟು ಹೊತ್ತಾದರೂ ಸರಿ. ಹಿಂದಿನವರು ನಿಮಗಿಂತ ಉದ್ದ ಇದ್ದಿರಬಹುದು. ಪೆಡಲ್ ಮೇಲೆ ಕಾಲಿಟ್ಟು ಎಷ್ಟು ಆಳ ಇದೆ ಅಂತ ಸದ್ದಿಲ್ಲದೆ ನೋಡಿ. ಈಗ ವೇಗ. ಪೀಸ್‌ನ ಮೊದಲ ಬಾರ್‌ನಿಂದ ವೇಗ ಹಿಡಿಯಬೇಡಿ, ಅದು ಯಾವಾಗಲೂ ಜಾಸ್ತಿಯೇ ಆಗುತ್ತದೆ. ಅತಿ ಕಷ್ಟದ ಬಾರ್ ಅನ್ನು ಮನಸ್ಸಿನಲ್ಲಿ ಹಾಡಿ. ಕೆ. 545 ಆದರೆ ಐದನೇ ಬಾರ್‌ನ ಆ ಸೆಮಿಕ್ವೇವರ್‌ಗಳು. ಅದು ಆರಾಮಾಗಿ ಬರುವ ವೇಗವೇ ನಿಮ್ಮ ವೇಗ. ಆ ವೇಗದಲ್ಲಿ ಮೊದಲ ಬಾರ್ ಕೇಳಿಸಿಕೊಂಡು, ಆಮೇಲೆ ಕೈ ಇಡಿ.

ಹಾಲ್‌ನಲ್ಲಿ ಪ್ರತಿಧ್ವನಿ ಜಾಸ್ತಿ ಇದ್ದರೆ ಪೆಡಲ್ ಕಡಿಮೆ, ಸ್ವರಗಳು ಇನ್ನಷ್ಟು ಬಿಡಿಬಿಡಿ. ಸಪ್ಪೆಯಾಗಿ ಕೇಳಿಸಿದರೆ ಗುದ್ದಬೇಡಿ, ರಾಗದ ಬೆರಳಿಗೆ ಸ್ವಲ್ಪ ಹೆಚ್ಚು ಭಾರ ಕೊಡಿ. ಒಂದು ಪೀಸ್ ಮುಗಿದ ಮೇಲೆ ಕೈ ಮಡಿಲಿಗೆ ತನ್ನಿ. ಹಿಂದಿನದರಲ್ಲಿ ಏನು ತಪ್ಪಿತು ಅಂತ ಲೆಕ್ಕ ಹಾಕಬೇಡಿ, ಮುಂದಿನದರ ಮೊದಲ ಸಾಲು ಕೇಳಿಸಿಕೊಳ್ಳಿ. ಕೊನೆಯ ಸ್ವರದ ದನಿ ಪೂರ್ತಿ ಆರುವವರೆಗೆ ಪೆಡಲ್ ಬಿಡಬೇಡಿ, ಏಳಬೇಡಿ.

ತೀರ್ಪುಗಾರರು ಬರೆದುಕೊಟ್ಟ ಹಾಳೆಯನ್ನು ಅವತ್ತೇ ಓದಿದರೆ ಖುಷಿಯೋ ನೋವೋ ಮಾತ್ರ ಕಾಣುತ್ತದೆ. ಎರಡು ದಿನ ಬಿಟ್ಟು ಟೀಚರ್ ಜೊತೆ ಕೂತು ಓದಿ, ಅವರು ಹೇಳಿದ ಬಾರ್‌ಗಳನ್ನು ಪುಸ್ತಕದಲ್ಲಿ ಗುರುತು ಮಾಡಿ. ಪುಸ್ತಕದ ಮೇಲೆ ದಿನಾಂಕ ಬರೆದು ಆ ಪೀಸನ್ನು ಮೂರು ತಿಂಗಳು ಎತ್ತಿಡಿ. ಮತ್ತೆ ತೆಗೆದಾಗ ಮೊದಲು ಆ ಗುರುತು ಮಾಡಿದ ಜಾಗಗಳಿಂದಲೇ ಶುರು ಮಾಡಿ.